ಲಾಗ್ ಕಳಿಸುವುದು ನಿಲ್ಲಿಸಿದ ಸರ್ವರ್‌ಗೆ ಏನನ್ನೋಣ?

ಕಲಬುರಗಿಯಿಂದ:
ಎಲ್ಲರಿಗೂ ಶರಣು. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಸರ್ವರ್‌ಗಳು ತಮ್ಮಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವುದೇ ಲಾಗ್; ಅವನ್ನೆಲ್ಲ ಒಂದೆಡೆ ಕೂಡಿಸಿ ಹುಡುಕಿಕೊಡುವ ತಂತ್ರಾಂಶ ಸ್ಪ್ಲಂಕ್. ನಮ್ಮ ಕಂಪ್ಯೂಟರ್ ಕೋಣೆಯ ಸ್ಪ್ಲಂಕ್ ಪರದೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಲಾಗ್ ಕಳಿಸುವುದನ್ನು ನಿಲ್ಲಿಸಿದ ಸರ್ವರ್‌ಗಳ ಪಟ್ಟಿಗೆ 'ಬಂದ್ ಆದ ಸರ್ವರ್' ಎಂದು ತಲೆಬರಹ ಕೊಟ್ಟಿದ್ದೆ. ಮೊನ್ನೆ ರಾತ್ರಿ ಪಾಳಿಯ ಹುಡುಗ ಅದನ್ನೋದಿ, ನೆಟ್ಟಗೆ ನಡೆಯುತ್ತಿದ್ದ ಸರ್ವರನ್ನೇ ರೀಸ್ಟಾರ್ಟ್ ಮಾಡಿಬಿಟ್ಟ. ಅದು ಚಾಲೂ ಇತ್ತು, ಪಿಂಗ್‌ಗೆ, ಅಂದರೆ 'ಇದ್ದೀಯಾ?' ಎಂಬ ಕರೆಗೆ, ಜವಾಬು ಕೊಡುತ್ತಿತ್ತು. ಡಿಸ್ಕ್ ತುಂಬಿ, ಲಾಗನ್ನು ಸ್ಪ್ಲಂಕಿಗೆ ಕಳಿಸುವ ಫಾರ್ವರ್ಡರ್ ಒಂದೇ ನಿಂತಿತ್ತು. ತಪ್ಪು ಹುಡುಗನದಲ್ಲ, ನನ್ನ ಪದದ್ದು.

ಜೊತೆಗೆ ಇನ್ನೆರಡು. ಸ್ಪ್ಲಂಕಿನ ಮೆಟಾಡೇಟಾ ಕಮಾಂಡ್ ಪ್ರತಿ ಹೋಸ್ಟ್‌ಗೂ, ಅಂದರೆ ಲಾಗ್ ಕಳಿಸುವ ಪ್ರತಿ ಸರ್ವರ್‌ಗೂ, ಲಾಸ್ಟ್‌ಟೈಮ್, ರೀಸೆಂಟ್‌ಟೈಮ್ ಎಂದು ಎರಡು ಹೊತ್ತು ತೋರಿಸುತ್ತದೆ. ಮೊದಲನೆಯದು ಲಾಗಿನ ಸಾಲಿನಲ್ಲೇ ಇರುವ ಹೊತ್ತು, ಎರಡನೆಯದು ಅದು ಸ್ಪ್ಲಂಕಿಗೆ ಸೇರಿದ ಹೊತ್ತು. ಸರ್ವರಿನ ಗಡಿಯಾರ ಮುಂದೋಡುತ್ತಿದ್ದರೆ ಮೊದಲನೆಯದನ್ನು ನಂಬುವಂತಿಲ್ಲ. ಎರಡಕ್ಕೂ 'ಕೊನೆಯ ಸಮಯ' ಎಂದರೆ ಕೆಟ್ಟಿತು.

ಬೀದರ್‌ನಿಂದ:
ಸೊಲ್ಲಡಗಿದ ಗಣಕ. ಸೊಲ್ಲು ಅಚ್ಚ ದ್ರಾವಿಡ. ತಮಿಳಿನ ಸೊಲ್ ಅದರ ಒಡಹುಟ್ಟು. ಲಾಗ್‌ಗೆ ದಾಖಲೆ ಎನ್ನಿ. ಬಂದ್, ಚಾಲೂ, ಜವಾಬು ಎಂದು ಪ್ರಶ್ನೆಯಲ್ಲೇ ತುಂಬಿಕೊಂಡು ಬಂದು ಕನ್ನಡ ಪದ ಕೇಳುವುದು ವಿಚಿತ್ರ.

ಯಾದಗಿರಿಯಿಂದ:
ಗುರುಗಳೇ, ಸೊಲ್ಲಡಗಿತು ಅಂದ್ರ ಕಥಿ ಮುಗೀತು ಅಂತ. ಇಲ್ಲಿ ಸರ್ವರ್ ಜೀವಂತ ಅದ. ಹುಡುಗ ಮತ್ತ ರೀಸ್ಟಾರ್ಟ್ ಮಾಡ್ತಾನ. ಸಾಲಿ ಮಾತು ಸಾಕ್ರಿ: ಗೈರುಹಾಜರು. ಬಂದ ಲಾಗ್‌ನಾಗ ಎಷ್ಟು ಹುಡುಕಿದ್ರೂ, ಒಂದೂ ಕಳಿಸದ ಸರ್ವರ್ ಸಿಗಂಗಿಲ್ಲ. ಇರಬೇಕಾದವುಗಳ ಪಟ್ಟಿ ಬ್ಯಾರೆ ಇಟ್ಕೊಂಡು ತಾಳೆ ನೋಡಬೇಕು. ಹೆಸರು ಕೂಗಿದಾಗ 'ಬಂದೀನ್ರಿ' ಅನ್ನದವರನ್ನ ಮಾಸ್ತರ ಹಿಡಿಯೋದು ಹಂಗೇ ಅಲ್ಲೇನ್ರಿ?

ಆ ಎರಡು ಹೊತ್ತಿಗೆ ಟಪಾಲು ನೆನಸ್ಕೊಳ್ರಿ. ಕಾಗದದ ಮ್ಯಾಲ ನಾವು ಹಾಕಿದ ತಾರೀಖು ಒಂದು, ಮುಟ್ಟಿದ ಊರಿನ ಮುದ್ರಿ ಒಂದು. 'ಬರೆದ ಹೊತ್ತು', 'ಮುಟ್ಟಿದ ಹೊತ್ತು'.

ಬೀದರ್‌ನಿಂದ:
ಗೈರು ಅರಬ್ಬಿ. ಹಾಜರು ಅರಬ್ಬಿ. ಬಾಲಕ್ಕೆ ಇಂಗ್ಲಿಷಿನ ಸರ್ವರ್. ಅರಿಸಮಾಸ (ಕನ್ನಡಕ್ಕೆ ಸಂಸ್ಕೃತ ಬೆಸೆದ ಪದ) ಎಂದು ಬಯ್ಯೋಣವೆಂದರೆ ಅದಕ್ಕೂ ಒಂದು ಕನ್ನಡ ಪದ ಬೇಕು! ನೃಪತುಂಗನ ಮಾನ್ಯಖೇಟದ ಸೀಮೆಯವರು ಬರೆಯುವ ಕನ್ನಡವೇ ಇದು?

ಸೇಡಂನಿಂದ:
ಮಾನ್ಯಖೇಟ ಅಂದ್ರ ಮಳಖೇಡ, ನಮ್ಮ ತಾಲ್ಲೂಕು. ಅದಕ್ಕ ಬಾಯಿ ಹಾಕಲಿಕ್ಕತ್ತೀನಿ. ಗುರುಗಳು ಕೊಟ್ಟ ದಾಖಲೆನೂ ಅರಬ್ಬಿನೇ. ದಾಖಿಲ್ ಅಂದ್ರ ಒಳಗ ಬಂದದ್ದು. ಜಿಲ್ಲಾ, ತಾಲ್ಲೂಕು, ತಹಶೀಲು, ಅರ್ಜಿ ಎಲ್ಲಾ ಅದೇ ದಾರ್ಯಾಗ ಬಂದಾವ. 1948ರ ತನಕ ನಿಮ್ಮ ಬೀದರೂ ನಮ್ಮ ಕಲಬುರಗಿನೂ ನಿಜಾಮನ ಕೈಯಾಗಿದ್ವು, ಕಚೇರಿ ಭಾಷೆ ಉರ್ದು. ಮನಿ ಮಾತು ಕನ್ನಡ, ಅರ್ಜಿ ಉರ್ದುದಾಗ. ಹಂಗಂತ ನಮ್ಮ ಕನ್ನಡ ಏನು ಸವೆದು ಹೋಯ್ತಾ? 'ಗಣಕ' ಅಂದ್ರೇನು, ಅದು ಸಂಸ್ಕೃತ ಅಲ್ಲೇನ್ರಿ? ಸಂಸ್ಕೃತಕ್ಕ ಚಾಪಿ ಹಾಸಿ, ಅರಬ್ಬಿಗೆ ಕದ ಹಾಕೋದು ಯಾವ ವ್ಯಾಕರಣ?

ಬೀದರ್‌ನಿಂದ:
ರಾಜಕೀಯ ಬೇಡ. ದಾಖಲೆ ರೂಢಿಗೆ ಬಂದಿದೆ.

ಯಾದಗಿರಿಯಿಂದ:
ಗೈರು ಬಂದಿಲ್ಲೇನ್ರಿ?

ಕಲಬುರಗಿಯಿಂದ:
ನಿಮ್ಮ ಜಗಳದಾಗ ನನ್ನ ಸಂಜೆ ಆಯ್ತು. ಅಂಕಣ ಸಣ್ಣದು, 'ಗೈರುಹಾಜರು' ಹಿಡಿಯಲಿಲ್ಲ. 'ಗೈರು' ಎಂದಷ್ಟೇ ಹಾಕಿದೆ. ಪಕ್ಕದ ಅಂಕಣದಲ್ಲಿ 'ಮುಟ್ಟಿದ ಹೊತ್ತು'. ಅಲ್ಲಿ 02:10 ಎಂದಿದ್ದರೆ ಆಗ ನಿಂತದ್ದು, ಖಾಲಿ ಇದ್ದರೆ ಎಂದೂ ಕಳಿಸದ್ದು. ಹುಡುಗನಿಗೆ ತೋರಿಸಿದೆ. 'ಗೈರು ಅಂದ್ರ ಮದ್ಲ ಫಾರ್ವರ್ಡರ್ ನೋಡಬೇಕಲ್ರಿ?' ಅಂದ. ನನಗಷ್ಟು ಸಾಕು. ಯಾದಗಿರಿ ಅಣ್ಣಾರಿಗೆ ಶರಣು.

ಬೀದರ್‌ನಿಂದ:
'ಸರ್ವರ್' ಎಂಬುದರ ಬಗ್ಗೆ ಬೇರೆ ಪತ್ರ ಬರೆಯುತ್ತೇನೆ.