14ರ ಮಗಳು, 7ರ ಮಗ, ಒಂದೂವರೆ ವರ್ಷದ ಪಾಪು, ಜೊತೆಗೆ ಅತ್ತೆ: ಕ್ರೂಸ್ ಹಡಗಿಗೆ ಹೋಗಬಹುದಾ?

ಮಂಡಿ ಮನೆ, ಕೋಲಾರ:

ಎಲ್ಲರಿಗೂ ನಮಸ್ಕಾರ. ನಮ್ಮವರದು ಎಪಿಎಂಸಿಯಲ್ಲಿ ಟೊಮೆಟೊ ಮಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರು ಊಟಕ್ಕೆ ಮನೆಗೆ ಬಂದರೇ ಹೆಚ್ಚು, ಪ್ರವಾಸದ ಮಾತು ಎತ್ತುವ ಹಾಗೇ ಇಲ್ಲ. ದೊಡ್ಡವಳು ಈಗ ಒಂಬತ್ತನೇ ಕ್ಲಾಸು, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ಟ್ಯೂಷನ್ನು ಅಂತ ಅವಳು ನಮ್ಮ ಕೈಗೆ ಸಿಗುವುದಿಲ್ಲ. ಹೋಗುವುದಾದರೆ ಈ ಸಲ ದಸರಾ ರಜೆ, ಇಲ್ಲವೇ ಡಿಸೆಂಬರ್.

ತೊಂದರೆ ಇರುವುದು ಮಕ್ಕಳ ವಯಸ್ಸಿನಲ್ಲಿ. ಮೈಸೂರಿಗೆ ಹೋದರೂ ಒಬ್ಬನಿಗೆ ಝೂ, ಒಬ್ಬಳಿಗೆ ಮಾಲ್, ಅತ್ತೆಗೆ ಚಾಮುಂಡಿ ಬೆಟ್ಟ, ಪಾಪುಗೆ ಸರಿಯಾಗಿ ಎಲ್ಲರೂ ಕಾರಿಂದ ಇಳಿಯುವ ಹೊತ್ತಿಗೇ ನಿದ್ದೆ. ನಾನು ಅವನನ್ನು ತೊಡೆ ಮೇಲೆ ಹಾಕಿಕೊಂಡು ಕಾರಲ್ಲೇ ಕೂರುವುದು. ಈಗ ಮಗಳು ಕ್ರೂಸ್ ಹಡಗು ಅಂತ ಹಟ ಹಿಡಿದಿದ್ದಾಳೆ. ಒಂದು ಸಲ ಹತ್ತಿದರೆ ಬ್ಯಾಗು ಕಟ್ಟಿ ಬಿಚ್ಚುವ ಕೆಲಸ ಇಲ್ಲ, ಊಟ ಅಲ್ಲೇ, ಆಟ ಅಲ್ಲೇ ಅನ್ನುತ್ತಾಳೆ. ಕೇಳಲು ಚೆನ್ನಾಗಿದೆ, ಆದರೆ ಸುತ್ತ ನೀರು, ಕೈ ಬಿಟ್ಟರೆ ಓಡುವ ಪಾಪು. ಇಷ್ಟು ಅಂತರದ ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರು ಹೇಳಿ. ಪ್ಯಾಕೇಜ್ ಏಜೆಂಟರು ದಯವಿಟ್ಟು ಬೇಡ.

ಶಿರಾ ಗೇಟ್, ತುಮಕೂರು:

ಹೋಗಬಹುದು ಅಕ್ಕ. ನಾವು ಮುಂಬೈನಿಂದ ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್‌ನಲ್ಲಿ ಹೋಗಿದ್ದೆವು, ನಮ್ಮ ಮಕ್ಕಳೂ ಒಬ್ಬ ಹೈಸ್ಕೂಲು, ಒಬ್ಬಳು ಅಂಗನವಾಡಿ ವಯಸ್ಸು. ಹಡಗು ಹೊಸದೇನಲ್ಲ, 1990ರಲ್ಲಿ ಕಟ್ಟಿದ್ದು, ಇಲ್ಲಿ ಓಡುತ್ತಿರುವುದು 2021ರಿಂದ. 11 ಅಂತಸ್ತು. ಈಜುಕೊಳ, ಹತ್ತುವ ಗೋಡೆ, ಮಕ್ಕಳ ಆಟದ ಜಾಗ, ರಾತ್ರಿ ಶೋ ಎಲ್ಲಾ ಇದೆ. ಗೋವಾ, ಕೊಚ್ಚಿ, ಲಕ್ಷದ್ವೀಪ ಅಂತ ಬೇರೆ ಬೇರೆ ರೂಟು.

ನೀವು ಹೇಳಿದ ಮೈಸೂರಿನ ಕಥೆ ಇದೆಯಲ್ಲ, ಅದಕ್ಕೇ ಹಡಗು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪಾಪು ಮಲಗಿದರೆ ನೀವು ಕ್ಯಾಬಿನ್‌ಗೆ ಹೋಗುತ್ತೀರಿ, ಉಳಿದವರ ಆಟ ನಿಲ್ಲುವುದಿಲ್ಲ. ಎಲ್ಲರೂ ಹೊತ್ತು ಹೊತ್ತಿಗೂ ಒಟ್ಟಿಗೇ ಇರಬೇಕು ಅಂತ ಹೊರಟರೆ ಮಾತ್ರ ಹಡಗಿನಲ್ಲೂ ಜಗಳವೇ. ಊಟಕ್ಕೆ ಸೇರಿದರೆ ಸಾಕು ಅಂದುಕೊಳ್ಳಿ.

ಕ್ಯಾಬಿನ್ ವಿಷಯ ಮಾತ್ರ ಗಮನ ಇಟ್ಟು ನೋಡಿ. ಒಂದು ಕ್ಯಾಬಿನ್‌ನಲ್ಲಿ ಸಾಮಾನ್ಯವಾಗಿ ಹೆಚ್ಚೆಂದರೆ ನಾಲ್ಕು ಜನ, ಅದೂ ಇಬ್ಬರು ಕೆಳಗೆ, ಇಬ್ಬರು ರೈಲಿನ ಅಪ್ಪರ್ ಬರ್ತ್ ತರಹ ಗೋಡೆಯಿಂದ ಇಳಿಸುವ ಹಾಸಿಗೆಯಲ್ಲಿ. ಏಣಿ ಹತ್ತಿ ಮಲಗುವುದೇ ನಿಮ್ಮ ಮಗನಿಗೆ ದೊಡ್ಡ ಖುಷಿ ಆಗುತ್ತದೆ ನೋಡಿ. ನೀವು ಆರು ಜನ, ಅಂದರೆ ಎರಡು ಕ್ಯಾಬಿನ್. ಅಕ್ಕಪಕ್ಕದ್ದೇ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ, ಆಮೇಲೆ ಕೇಳಿದರೆ ಒಂದು ಮುಂದಿನ ತುದಿಗೆ, ಒಂದು ಹಿಂದಿನ ತುದಿಗೆ ಬಂದರೂ ಬಂತು. ಅತ್ತೆ ಮತ್ತು ಮಗಳು ಒಂದರಲ್ಲಿ, ಉಳಿದವರು ಇನ್ನೊಂದರಲ್ಲಿ. ದರ ಹೇಳುವಾಗ ಮೊದಲ ಇಬ್ಬರಿಗೆ ಒಂದು ರೇಟು, ಮೂರನೇ ನಾಲ್ಕನೇ ಬರ್ತ್‌ಗೆ ಕಡಿಮೆ ರೇಟು ಇರುತ್ತದೆ. ಅದರ ಮೇಲೆ ಬಂದರಿನ ಶುಲ್ಕ, ಟಿಪ್ಸ್, ತೆರಿಗೆ. ಕಡೆಗೆ ಒಟ್ಟು ಎಷ್ಟು ಅಂತ ಒಂದೇ ಕಾಗದದಲ್ಲಿ ಬರೆಸಿಕೊಳ್ಳಿ.

ಬಾಲ್ಕನಿ ಕ್ಯಾಬಿನ್ ನಿಮಗೆ ಬೇಡ. ದುಡ್ಡು ಜಾಸ್ತಿ ಅನ್ನುವುದು ಒಂದು ಕಡೆ, ಒಂದೂವರೆ ವರ್ಷದ ಮಗು ಕುರ್ಚಿ ಎಳೆದುಕೊಂಡು ಹತ್ತುವ ವಯಸ್ಸು. ಬಾತ್‌ರೂಮು ಚಿಕ್ಕದು, ಬಕೆಟ್ ಇರುವುದಿಲ್ಲ. ಒಂದು ಮಗ್ ಹಾಕಿಕೊಂಡು ಹೋಗಿ, ನಗಬೇಡಿ, ಮೂರು ಹೊತ್ತೂ ನೆನೆಸಿಕೊಳ್ಳುತ್ತೀರಿ.

ದೊಡ್ಡ ಬ್ಯಾಗುಗಳನ್ನು ಟರ್ಮಿನಲ್‌ನಲ್ಲೇ ತೆಗೆದುಕೊಂಡು ಆಮೇಲೆ ಕ್ಯಾಬಿನ್‌ಗೆ ತಲುಪಿಸುತ್ತಾರೆ, ಕೆಲವು ಸಲ ಸಂಜೆ ಆಗುತ್ತದೆ. ಡೈಪರ್, ಔಷಧಿ, ಒಂದು ಜೊತೆ ಬಟ್ಟೆ, ಈಜುವ ಬಟ್ಟೆ ಕೈಚೀಲದಲ್ಲೇ ಇರಲಿ.

ರಾಬರ್ಟ್‌ಸನ್ ಪೇಟೆ, ಕೆಜಿಎಫ್:

ಕೋಲಾರದವರು ಮುಂಬೈಗೆ ಯಾಕೆ ಹೋಗಬೇಕು? ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಒರಟು ಅಂತ ಅದೇ ಹಡಗು ಚೆನ್ನೈಗೆ ಬರುತ್ತದೆ. ಬಂಗಾರಪೇಟೆಯಲ್ಲಿ ಬೆಳಗ್ಗೆ ಲಾಲ್‌ಬಾಗ್ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನಕ್ಕೆಲ್ಲ ಚೆನ್ನೈ ಸೆಂಟ್ರಲ್, ಬಂದರು ಅಲ್ಲಿಂದ ದೂರವಿಲ್ಲ. ಕಾರಾದರೆ ಮುಳಬಾಗಿಲು, ಚಿತ್ತೂರು, ರಾಣಿಪೇಟೆ ಮೇಲೆ ನೇರ ದಾರಿ. ಟೊಮೆಟೊ ಸೀಸನ್ ಅಂದರೆ ಯಜಮಾನರನ್ನು ಮಂಡಿಯಲ್ಲೇ ಬಿಟ್ಟು ನೀವು ಹೋಗಿ ಬನ್ನಿ.

ನನ್ನನ್ನು ಕೇಳಿದರೆ ಮೊದಲು ಒಂದು ದಿನದ್ದು ನೋಡಿ. ಕೊಚ್ಚಿಯಲ್ಲಿ ಕೇರಳ ಸರ್ಕಾರದ ನೆಫರ್ಟಿಟಿ ಅನ್ನುವ ಹಡಗಿದೆ, ಬೋಲ್ಗಾಟ್ಟಿಯಿಂದ ಹೊರಟು ಕೆಲವು ಗಂಟೆ ಸಮುದ್ರದೊಳಗೆ ಹೋಗಿ ವಾಪಸು ಬರುತ್ತದೆ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಲಕ್ಷ ರೂಪಾಯಿ ಕಟ್ಟಿ ಕ್ಯಾಬಿನ್‌ನಲ್ಲಿ ವಾಂತಿ ಮಾಡುತ್ತಾ ಕೂರುವುದಕ್ಕಿಂತ ಅದು ವಾಸಿ.

ಶಿರಾ ಗೇಟ್, ತುಮಕೂರು:

ಕೆಜಿಎಫ್ ಸಾರ್, ಮೂರು ಮಕ್ಕಳು ಮತ್ತು ಅತ್ತೆಯನ್ನು ಒಬ್ಬರೇ ಕರೆದುಕೊಂಡು ಹೋಗಿ ಅಂತ ಎಷ್ಟು ಸುಲಭವಾಗಿ ಹೇಳಿಬಿಟ್ಟಿರಿ! ಪಾಪು ಹಿಂದೆ ಓಡುವುದಕ್ಕೇ ಒಬ್ಬರು ಬೇಕು. ನೆಫರ್ಟಿಟಿ ಮಾತು ಮಾತ್ರ ಸರಿ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:

ನಾವು ಸಿಂಗಾಪುರದಿಂದ ರಾಯಲ್ ಕೆರಿಬಿಯನ್ ಹಡಗಿನಲ್ಲಿ ಪೆನಾಂಗ್ ಕಡೆ ಹೋಗಿ ಬಂದೆವು. ನಮಗೆ ದೇವನಹಳ್ಳಿ ಏರ್‌ಪೋರ್ಟ್ ಮನೆ ಬಾಗಿಲಲ್ಲೇ ಇದೆ, ಹಾಗಾಗಿ ಮುಂಬೈಗೂ ಸಿಂಗಾಪುರಕ್ಕೂ ವಿಮಾನ ಹತ್ತುವ ಕಷ್ಟ ಒಂದೇ ಅನಿಸಿತು. ಖರ್ಚು ಒಂದೇ ಅಲ್ಲ, ಅದು ಬೇರೆ ಮಾತು.

ಮಗಳೇ, ನಿನ್ನ ಮೂರು ಮಕ್ಕಳಲ್ಲಿ ಹಡಗನ್ನು ಆರಿಸಬೇಕಾದ್ದು ಚಿಕ್ಕವನನ್ನು ನೋಡಿ, ಹಟ ಹಿಡಿದ ದೊಡ್ಡವಳನ್ನು ನೋಡಿ ಅಲ್ಲ. ಆ ಹಡಗುಗಳಲ್ಲಿ ಮಕ್ಕಳ ಕ್ಲಬ್‌ಗೆ 3 ವರ್ಷ ತುಂಬಿರಬೇಕು, ಡೈಪರ್ ಬಿಟ್ಟಿರಬೇಕು. ಡೈಪರ್ ಹಾಕಿದ ಮಗುವನ್ನು ದೊಡ್ಡ ಈಜುಕೊಳಕ್ಕೆ ಇಳಿಸುವಂತಿಲ್ಲ, ಈಜುವ ಡೈಪರ್ ಆದರೂ ಅಷ್ಟೇ. 6 ತಿಂಗಳು ತುಂಬಿದ್ದರೆ ಹಡಗಿಗೇನೋ ಹತ್ತಿಸುತ್ತಾರೆ, ಆದರೆ ಅಣ್ಣ ನೀರಲ್ಲಿ ಆಡುವುದನ್ನು ನೋಡಿಕೊಂಡು ಪಾಪು ದಡದಲ್ಲಿ ಕೂಗುತ್ತಾ ನಿಂತಿರುತ್ತದೆ. ಕೆಲವು ಹಡಗಿನಲ್ಲಿ ಅಂಥ ಮಕ್ಕಳಿಗೇ ಅಂತ ಚಿಕ್ಕ ನೀರಾಟದ ಜಾಗ ಇದೆ, ಎಲ್ಲದರಲ್ಲಿ ಇಲ್ಲ. ಇದನ್ನು ಮೊದಲು ಕೇಳು.

ನಿನ್ನ ಮಗನಿಗೆ ಸ್ವರ್ಗ. ಏಳು ವರ್ಷಕ್ಕೆ ಮಕ್ಕಳ ಕ್ಲಬ್‌ನಲ್ಲಿ ಬಿಟ್ಟರೆ ಊಟಕ್ಕೂ ಬರಲು ಒಲ್ಲೆ ಅನ್ನುತ್ತಾನೆ. ದೊಡ್ಡವಳಿಗೆ 12ರಿಂದ 17ರವರ ಬೇರೆ ಗುಂಪು, ಅಲ್ಲಿ ಬಲವಂತ ಇಲ್ಲ, ಬೇಕಾದಾಗ ಬರಬಹುದು ಹೋಗಬಹುದು. ನನ್ನ ಮೊಮ್ಮಗಳು ಮೊದಲ ದಿನ ಮುಖ ಊದಿಸಿಕೊಂಡು ಕಾರಿಡಾರಿನಲ್ಲಿ ವೈಫೈ ಹುಡುಕುತ್ತಾ ಕೂತಿದ್ದವಳು ಎರಡನೇ ದಿನ ಗೆಳತಿಯರ ಜೊತೆ ನಾಪತ್ತೆ.

ನಾಪತ್ತೆ ಅಂದೆನಲ್ಲ, ಅದಕ್ಕೊಂದು ಉಪಾಯ. ನಡು ಸಮುದ್ರದಲ್ಲಿ ನಮ್ಮ ಸಿಮ್ ಕೆಲಸ ಮಾಡುವುದಿಲ್ಲ, ಹಡಗಿನ ನೆಟ್‌ವರ್ಕ್ ಹಿಡಿದರೆ ರೋಮಿಂಗ್ ಬಿಲ್ ನೋಡಿ ಎದೆ ಒಡೆಯುತ್ತದೆ. ಹತ್ತಿದ ಕೂಡಲೇ ಎಲ್ಲರ ಫೋನೂ ಏರ್‌ಪ್ಲೇನ್ ಮೋಡ್. ಕ್ಯಾಬಿನ್ ಗೋಡೆ, ಬಾಗಿಲು ಕಬ್ಬಿಣದ ತಗಡು, ಫ್ರಿಜ್‌ಗೆ ಅಂಟಿಸುವ ಮ್ಯಾಗ್ನೆಟ್ ಅಂಟುತ್ತದೆ. ನಾಲ್ಕು ಮ್ಯಾಗ್ನೆಟ್ ತೆಗೆದುಕೊಂಡು ಹೋಗಿದ್ದೆವು, ಹೊರಗೆ ಹೋಗುವವರು ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸು ಅಂತ ಚೀಟಿ ಬರೆದು ಬಾಗಿಲ ಒಳಗಡೆ ಸಿಕ್ಕಿಸುವುದು. ಮಕ್ಕಳ ಕಾರ್ಡ್‌ಗೆ ಖರ್ಚು ಬಂದ್ ಮಾಡಿಸು. ಕ್ಯಾಬಿನ್ ಕೀ ಕಾರ್ಡೇ ಹಡಗಿನಲ್ಲಿ ದುಡ್ಡು, ಉಜ್ಜಿದರೆ ಬಿಲ್ ನಿಮ್ಮ ಹೆಸರಿಗೆ.

ಸಿಂಗಾಪುರ ಆದರೆ ಪಾಸ್‌ಪೋರ್ಟ್‌ಗೆ ಈಗಲೇ ಓಡು. ಪಾಪುಗೂ ಬೇರೆ ಪಾಸ್‌ಪೋರ್ಟೇ, ಜನನ ಪ್ರಮಾಣಪತ್ರ, ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ ಅನೆಕ್ಷರ್ ಡಿ ಅನ್ನುವ ಘೋಷಣಾ ಪತ್ರ, 4 ವರ್ಷದ ಒಳಗಿನ ಮಗುವಿಗೆ ಬಿಳಿ ಹಿನ್ನೆಲೆಯ ಫೋಟೊ. ಸಿಂಗಾಪುರ ವೀಸಾ ಮಲ್ಟಿಪಲ್ ಎಂಟ್ರಿಯೇ ಇರಬೇಕು, ಹಡಗಿನಲ್ಲಿ ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತೀರಲ್ಲ.

ಮಂಡಿ ಮನೆ, ಕೋಲಾರ:

ಅಮ್ಮಾ, ಚೀಟಿ ಉಪಾಯ ಕೇಳಿ ಮಗಳು ಈಗಲೇ ಮುಖ ಸಿಂಡರಿಸಿದಳು, ಅಂದರೆ ಕೆಲಸ ಮಾಡುತ್ತದೆ. ಪಾಸ್‌ಪೋರ್ಟ್ ಇರುವುದು ನಮ್ಮಿಬ್ಬರಿಗೆ ಮಾತ್ರ, ಹಾಗಾಗಿ ಸಿಂಗಾಪುರ ಈ ವರ್ಷ ಆಗದ ಮಾತು. ಮುಂಬೈ ಕಡೆಯೇ ಯೋಚನೆ. ಇನ್ನೆರಡು ಪ್ರಶ್ನೆ. ಮಗ ನಂದಿ ಬೆಟ್ಟದ ತಿರುವಿನಲ್ಲೇ ವಾಂತಿ ಮಾಡುವವನು, ಹಡಗಿನಲ್ಲಿ ಏನು ಮಾಡುವುದು? ಅತ್ತೆ ಮೊಣಕಾಲು ನೋವಿಗೆ ಲಿಫ್ಟ್ ಇದೆಯಾ? ಪಾಪು ರಾಗಿ ಸರಿ ಬಿಟ್ಟು ಬೇರೆ ಮುಟ್ಟುವುದಿಲ್ಲ, ಅದು ಮೂರನೇ ಪ್ರಶ್ನೆ.

ಚಿಂತಾಮಣಿ ನರ್ಸಮ್ಮ:

ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು, ಹಾಗಾಗಿ ವಾಂತಿ ವಿಷಯ ನನಗಿರಲಿ. ಪ್ರಯಾಣದ ವಾಂತಿ ಜಾಸ್ತಿ ಕಾಡುವುದು 2ರಿಂದ 12 ವರ್ಷದವರಿಗೆ. ಒಂದೂವರೆ ವರ್ಷದ ಪಾಪುಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ನೀವು ಹೆದರುತ್ತಿರುವುದು ಅವನಿಗೆ, ಗಮನ ಕೊಡಬೇಕಾದ್ದು ಏಳು ವರ್ಷದವನಿಗೆ. ಕ್ಯಾಬಿನ್ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಮಧ್ಯದಲ್ಲಿ ತೆಗೆದುಕೊಳ್ಳಿ, ಅಲ್ಲಿ ಅಲುಗಾಟ ಕಡಿಮೆ. ಮೇಲಿನ ಅಂತಸ್ತು, ಮುಂದಿನ ತುದಿ ಬೇಡ. ತಲೆ ತಿರುಗುತ್ತದೆ ಅಂದ ತಕ್ಷಣ ಒಳಗೆ ಮಲಗಿಸಬೇಡಿ, ಮೇಲೆ ಗಾಳಿಗೆ ಕರೆದುಕೊಂಡು ಹೋಗಿ ದೂರದಲ್ಲಿ ಆಕಾಶ ನೀರು ಸೇರುವ ಗೆರೆ ನೋಡು ಅನ್ನಿ. ಮೊಬೈಲ್ ಗೇಮ್ ಆ ಹೊತ್ತಿಗೆ ಬಂದ್. ಹೊಟ್ಟೆ ಖಾಲಿ ಇರಬಾರದು, ಎಣ್ಣೆ ಪದಾರ್ಥವೂ ಬೇಡ.

ಅವೊಮಿನ್ ಮಾತ್ರೆ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ ಅಂತ ನೀವೇ ಕೊಡಬೇಡಿ. ಅದು 2 ವರ್ಷದ ಒಳಗಿನವರಿಗೆ ಕೊಡುವಂಥದ್ದೇ ಅಲ್ಲ, ದೊಡ್ಡ ಮಕ್ಕಳಿಗೂ ತೂಕ, ವಯಸ್ಸು ನೋಡಿ ಡಾಕ್ಟರು ಎಷ್ಟು ಅಂತ ಬರೆದುಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದೂ ಹೊರಗೆ ಬರುತ್ತದೆ, ಹತ್ತುವ ಮುಂಚೆ ಕೊಡಬೇಕು. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಫೀಸು ಮಾತ್ರ ಜೋರು. ಜ್ವರದ ಔಷಧಿ, ಒಆರ್‌ಎಸ್, ಅತ್ತೆಯ ಮಾತ್ರೆ ಎಲ್ಲ ಎರಡು ದಿನದ್ದು ಜಾಸ್ತಿ ಇಟ್ಟುಕೊಳ್ಳಿ. ಸೋಪು ಹಾಕಿ ಕೈ ತೊಳೆಯುವ ಅಭ್ಯಾಸ ತಪ್ಪಿಸಬೇಡಿ, ಅಷ್ಟು ಜನ ಮುಟ್ಟಿದ ಬಫೆ ಚಮಚ ಅದು.

ಶಿರಾ ಗೇಟ್, ತುಮಕೂರು:

ಲಿಫ್ಟ್ ಇದೆ. ಆದರೆ ರೂಟ್ ಆರಿಸುವಾಗ ಅತ್ತೆಯವರನ್ನು ನೆನೆಯಿರಿ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಅಲುಗಾಡುವ ಸಣ್ಣ ದೋಣಿಗೆ ಇಳಿದು ಹೋಗಬೇಕು. ಮೊಣಕಾಲು ನೋವಿನವರಿಗೆ, ಕಂಕುಳಲ್ಲಿ ಮಗು ಇರುವವರಿಗೆ ಅದು ತ್ರಾಸ. ಗೋವಾ, ಕೊಚ್ಚಿಯಲ್ಲಿ ಹಡಗು ಬಂದರಿಗೇ ಬಂದು ನಿಲ್ಲುತ್ತದೆ, ನಡೆದು ಇಳಿಯಬಹುದು. ಇಳಿದ ಮೇಲೆ ವಾಪಸು ಬರುವ ಟೈಮು ಮೀರಬೇಡಿ, ನಮ್ಮ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಥರ ಶಿಳ್ಳೆ ಹೊಡೆದು ಕಾಯುವುದಿಲ್ಲ.

ಮೊದಲ ದಿನವೇ ಸುರಕ್ಷತೆಯ ಡ್ರಿಲ್ ಇರುತ್ತದೆ. 7 ಸಣ್ಣ ಸೈರನ್, ಒಂದು ಉದ್ದದ್ದು, ಆಗ ಎಲ್ಲಿ ಸೇರಬೇಕು ಅಂತ ತೋರಿಸುತ್ತಾರೆ. ಪಾಪು ಅಳತೆಯ ಲೈಫ್ ಜಾಕೆಟ್ ಅಲ್ಲೇ ಕೇಳಿ ತೆಗೆದುಕೊಳ್ಳಿ.

ಹೊರಗಿನ ತಿಂಡಿ ಬಿಡುವುದಿಲ್ಲ, ಮಗುವಿನ ಆಹಾರಕ್ಕೆ ತೊಂದರೆ ಇಲ್ಲ. ಕೆಟಲ್, ಇಸ್ತ್ರಿ ಪೆಟ್ಟಿಗೆ ಒಯ್ದರೆ ತೆಗೆದಿಟ್ಟುಕೊಳ್ಳುತ್ತಾರೆ. ರಾಗಿ ಹುರಿಹಿಟ್ಟು ಮಾಡಿಕೊಂಡು ಹೋಗಿ, ಬಿಸಿನೀರು ಬಫೆಯಲ್ಲಿ ಸಿಗುತ್ತದೆ, ಕಲಸಿದರೆ ಆಯಿತು. ಬುಕ್ ಮಾಡುವಾಗಲೇ ಮಗುವಿನ ಊಟದ ವಿಷಯ ಹೇಳಿರಿ. ಮತ್ತೆ, ದೇಶದೊಳಗಿನ ರೂಟಿಗೆ ಆಧಾರ್ ಸಾಕು, ಪಾಪುಗೆ ನೀಲಿ ಬಾಲ ಆಧಾರ್. ಮಗನಿಗೆ 5 ತುಂಬಿದ ಮೇಲೆ ಬೆರಳಚ್ಚು ಅಪ್‌ಡೇಟ್ ಆಗಿದೆಯಾ ನೋಡಿ.

ಮುಳಬಾಗಿಲು ಪಿಯು:

ಆಂಟಿ, ನಾನು ಹೋದಾಗ ನನಗೆ 15. ಅಕ್ಕನ ಪರವಾಗಿ ಒಂದೇ ಮಾತು. ದಯವಿಟ್ಟು ಅವಳನ್ನು ತಮ್ಮಂದಿರನ್ನು ನೋಡಿಕೊಳ್ಳುವ ಆಯಾ ಮಾಡಬೇಡಿ. ಬೆಳಗ್ಗೆ ಒಂದು ಗಂಟೆ ಅಂತ ಮೊದಲೇ ಹೇಳಿದರೆ ನೋಡಿಕೊಳ್ಳುತ್ತಾಳೆ. "ಸ್ವಲ್ಪ ಹೊತ್ತು ಹಿಡಿದುಕೋ" ಅಂತ ಕೊಟ್ಟು ಮೂರು ಗಂಟೆ ಕಾಣೆಯಾದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ.

ಮಂಡಿ ಮನೆ, ಕೋಲಾರ:

ಪಿಯು ಮಗುವಿನ ಉತ್ತರವನ್ನು ಮಗಳು ಸ್ಕ್ರೀನ್‌ಶಾಟ್ ತೆಗೆದು ಮನೆ ಗ್ರೂಪಿಗೆ ಹಾಕಿದ್ದಾಳೆ, ನಿನಗೆ ಒಂದು ಮುಳಬಾಗಿಲು ದೋಸೆ ಬಾಕಿ. ಯಜಮಾನರ ಜೊತೆ ಮಾತಾಡಿದೆ. ಡಿಸೆಂಬರ್‌ನಲ್ಲಿ ಮುಂಬೈ, ಗೋವಾ ರೂಟು, ಬಾಲ್ಕನಿ ಇಲ್ಲದ್ದು, ನಡುಮಧ್ಯದಲ್ಲಿ ಅಕ್ಕಪಕ್ಕದ ಎರಡು ಕ್ಯಾಬಿನ್. ದಸರಾಗೆ ಕೊಚ್ಚಿಗೆ ಹೋಗಿ ನೆಫರ್ಟಿಟಿಯಲ್ಲಿ ಮಗನನ್ನು ಪರೀಕ್ಷೆ ಮಾಡುವುದು, ಅವನು ಫೇಲಾದರೆ ಡಿಸೆಂಬರ್‌ದು ಬುಕ್ ಮಾಡುವುದಿಲ್ಲ. ಅತ್ತೆ ಒಪ್ಪಿದ್ದಾರೆ, ಆದರೆ ಏಕಾದಶಿ ಬಂದರೆ ಹಡಗಿನಲ್ಲಿ ತಿನ್ನಲು ಏನಿರುತ್ತದೆ ಅಂತ ಕೇಳಿ ಅಂದರು.

ಶಿರಾ ಗೇಟ್, ತುಮಕೂರು:

ಹಣ್ಣು, ಹಾಲು, ಮೊಸರು ಧಾರಾಳ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಜೈನ ಊಟವೂ ಇದೆ. ಅವಲಕ್ಕಿ ಮಾತ್ರ ಬ್ಯಾಗಿನಲ್ಲಿ ಒಯ್ಯಬೇಡಿ, ಗೇಟಲ್ಲೇ ತೆಗೆಸುತ್ತಾರೆ.