ಸಂಬಳ 21,000 ದಾಟ್ತಿದೆ: ಇಎಸ್‌ಐ ಉಳಿಸಿಕೊಳ್ಳಬೇಕಾ, ಪ್ರೈವೇಟ್ ಪಾಲಿಸಿ ಮಾಡಿಸಬೇಕಾ?

ಜುಲೈಯಿಂದ ಸಂಬಳ 20,400ರಿಂದ 23,000 ಆಗ್ತಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಸಿಗೋದು 21,000 ಸಂಬಳದ ತನಕ ಮಾತ್ರ. ನನ್ನ ಕಾರ್ಡಲ್ಲಿ ಹೆಂಡತಿ, ಮಗು, ಅಮ್ಮ ಇದ್ದಾರೆ. ಅಮ್ಮನಿಗೆ 61 ವರ್ಷ, ಶುಗರ್ ಬಿಪಿ ಎರಡೂ ಇದೆ. ಇಂಕ್ರಿಮೆಂಟ್ ಬೇಡ ಅಂತ ಹೇಳಿ ಇಎಸ್‌ಐ ಉಳಿಸಿಕೊಳ್ಳಲಾ? ತಿಳಿದವರು ಹೇಳಿ.

ಟರ್ನರ್, ಪೀಣ್ಯ
ಇಎಸ್‌ಐ ಕಳ್ಕೊಂಡವರಿಗೇ ಅದರ ಬೆಲೆ ಗೊತ್ತು. 21,000 ಸಂಬಳಕ್ಕೆ ಮುಕ್ಕಾಲು ಪರ್ಸೆಂಟ್ ಅಂದ್ರೆ ತಿಂಗಳಿಗೆ 158 ರೂಪಾಯಿ ನಮ್ಮದು, 3.25 ಪರ್ಸೆಂಟ್ ಕಂಪನಿದು. ಶುಗರ್ ಇದೆಯಾ, ಬಿಪಿ ಇದೆಯಾ ಅಂತ ಸೇರಿಸಿಕೊಳ್ಳೋವಾಗ ಯಾರೂ ಕೇಳಲ್ಲ. ಎಲ್ಲರೂ ಆಸ್ಪತ್ರೆ ಬಗ್ಗೆ ಜಗಳ ಆಡ್ತಾರೆ, ರಜೆ ಹಣದ ಬಗ್ಗೆ ಒಬ್ಬರೂ ಬಾಯಿ ಬಿಡಲ್ಲ. ಆರು ತಿಂಗಳ ಕಾಂಟ್ರಿಬ್ಯೂಷನ್ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನ ಕೂಲಿಯ 70 ಪರ್ಸೆಂಟ್ ಬರುತ್ತೆ. ದಿನಗೂಲಿ 700 ಅಂತ ಇಟ್ಕೊಂಡ್ರೆ ದಿನಕ್ಕೆ 490, 91 ದಿನಕ್ಕೆ 44,590. ಟಿಬಿ, ಕ್ಯಾನ್ಸರ್ ಥರದ 34 ದೀರ್ಘ ಕಾಯಿಲೆಗೆ 80 ಪರ್ಸೆಂಟ್, ಎರಡು ವರ್ಷದ ತನಕ. ಮಾಮೂಲಿ ಮೆಡಿಕ್ಲೈಮ್‌ನಲ್ಲಿ ಇದು ಎಲ್ಲಿದೆ, ತೋರಿಸಿ ನೋಡೋಣ.

ಪ್ರೈವೇಟ್ ಪರ
ರಜೆ ಹಣ ಬರೋ ಹೊತ್ತಿಗೆ ಮನುಷ್ಯ ಉಳಿದಿರಬೇಕಲ್ಲ ಅಣ್ಣ. ಮೊದಲು ಡಿಸ್ಪೆನ್ಸರಿ, ಅಲ್ಲಿಂದ ಇಎಸ್‌ಐ ಆಸ್ಪತ್ರೆ, ಅಲ್ಲಿ ಆಗಲ್ಲ ಅಂದ್ರೆ ರೆಫರಲ್ ಚೀಟಿ, ಆಮೇಲೆ ಇಎಸ್‌ಐ ಜೊತೆ ಒಪ್ಪಂದ ಇರೋ ಟೈ-ಅಪ್ ಆಸ್ಪತ್ರೆ. ಕಾರ್ಡಿನ ಫೋಟೋಗೆ ಸೀಲ್ ಇಲ್ಲ, ಅಮ್ಮನ ಆಧಾರ್ ಜೋಡಣೆ ಆಗಿಲ್ಲ, ಆಧಾರಲ್ಲಿ ಒಂದು ಹೆಸರು ಇಎಸ್‌ಐಯಲ್ಲಿ ಇನ್ನೊಂದು ಅಂತ ಕೌಂಟರಲ್ಲೇ ವಾಪಸ್ ಕಳಿಸ್ತಾರೆ. ಚೀಟಿ ಇಲ್ಲದೆ ನೇರ ಪ್ರೈವೇಟ್‌ಗೆ ಹೋದ್ರೆ ತುರ್ತು ಅಂತ ಸಾಬೀತು ಮಾಡಬೇಕು. ಮಾಡಿದ್ರೂ ಸಿಗೋದು ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆ) ದರ, ಬಿಲ್ಲಿನ ಪೂರ್ತಿ ಮೊತ್ತ ಅಲ್ಲ. ದುಡ್ಡು ಕೊಟ್ಟು ಪಾಲಿಸಿ ಮಾಡಿಸಿದ್ರೆ ಹತ್ತಿರದ ನೆಟ್‌ವರ್ಕ್ ಆಸ್ಪತ್ರೆಗೆ ನೇರ ಹೋಗಬಹುದು.

ಟರ್ನರ್, ಪೀಣ್ಯ
ನೇರ ಹೋಗಬಹುದು, ನೇರ ವಾಪಸ್ಸೂ ಬರಬಹುದು. ರೂಮ್ ಬಾಡಿಗೆ ಮಿತಿ ಬಗ್ಗೆ ಯಾಕೆ ಹೇಳಲ್ಲ? 5 ಲಕ್ಷದ ಪಾಲಿಸಿ, ದಿನಕ್ಕೆ 1 ಪರ್ಸೆಂಟ್ ಮಿತಿ ಅಂದ್ರೆ 5,000. ರೋಗಿ ಸೇರಿದ್ದು 8,000ದ ರೂಮಿಗೆ. ಆಗ ಕಡಿತ ಬರೀ 3,000 ಅಲ್ಲ. ಡಾಕ್ಟರ್ ಫೀ, ನರ್ಸಿಂಗ್, ಆಪರೇಷನ್ ಥಿಯೇಟರ್ ಚಾರ್ಜ್ ಎಲ್ಲಾ ಎಂಟರಲ್ಲಿ ಐದು ಭಾಗಕ್ಕೆ ಇಳಿಯುತ್ತೆ. ಅವೆಲ್ಲ ಸೇರಿ 1,60,000 ಆಗಿದ್ರೆ 60,000 ಕೈಯಿಂದ!

ಪ್ರೈವೇಟ್ ಪರ
ಅರ್ಧ ಸತ್ಯ ಹೇಳಿ ಹೆದರಿಸಬೇಡಿ. ಔಷಧಿ, ಇಂಪ್ಲಾಂಟ್, ಲ್ಯಾಬ್ ಪರೀಕ್ಷೆಗೆ ಆ ಕಡಿತ ಹಾಕೋ ಹಾಗಿಲ್ಲ, ಐಸಿಯು ಚಾರ್ಜಿಗೂ ಇಲ್ಲ. ರೂಮ್ ಮಿತಿ ಇಲ್ಲದ ಪಾಲಿಸಿಯೂ ಸಿಗುತ್ತೆ, ಸ್ವಲ್ಪ ಹೆಚ್ಚು ಪ್ರೀಮಿಯಂ ಅಷ್ಟೇ.

ಗಾರ್ಮೆಂಟ್ಸ್ ಎಚ್‌ಆರ್
ಇಬ್ಬರೂ ಕಿತ್ತಾಡೋದ್ರಲ್ಲಿ ಅವರು ಕೇಳಿದ್ದೇ ಬಿಟ್ಟುಹೋಯ್ತು. ಸಾರ್, ಜುಲೈಗೆ ನಿಮ್ಮ ಇಎಸ್‌ಐ ನಿಲ್ಲಲ್ಲ. ಏಪ್ರಿಲ್–ಸೆಪ್ಟೆಂಬರ್ ಒಂದು ಕಾಂಟ್ರಿಬ್ಯೂಷನ್ ಅವಧಿ, ಅಕ್ಟೋಬರ್–ಮಾರ್ಚ್ ಇನ್ನೊಂದು. ಮಧ್ಯದಲ್ಲಿ ಸಂಬಳ 21,000 ದಾಟಿದ್ರೂ ಅವಧಿ ಮುಗಿಯೋ ತನಕ ಕಟ್ಟಲೇಬೇಕು, ಅದೂ ಪೂರ್ತಿ 23,000ಕ್ಕೆ, 173 ರೂಪಾಯಿ. ಏಪ್ರಿಲ್–ಸೆಪ್ಟೆಂಬರ್ ಕಟ್ಟಿದ್ದಕ್ಕೆ ಮುಂದಿನ ಜನವರಿ–ಜೂನ್ ಸೌಲಭ್ಯ. ಅಕ್ಟೋಬರ್–ಡಿಸೆಂಬರ್‌ಗೆ ಹಿಂದಿನ ಅವಧಿಯ ವಂತಿಗೆ ಇದೆ. ಅಂದ್ರೆ ಮುಂದಿನ ವರ್ಷ ಜೂನ್ 30ರ ತನಕ ಚಿಕಿತ್ಸೆ ಉಂಟು. ಸೆಪ್ಟೆಂಬರ್ ತನಕ ಪ್ರತಿ ತಿಂಗಳ ಚಲನ್‌ನಲ್ಲಿ ನಿಮ್ಮ ದಿನಗಳು ಬಿದ್ದಿವೆಯಾ, ಪೋರ್ಟಲ್‌ನಲ್ಲಿ ನೋಡ್ಕೊಳ್ಳಿ. ದಿನ ಸೊನ್ನೆ ಅಂತ ಬಿದ್ದರೆ ಅಲ್ಲೇ ಎಡವಟ್ಟು.

ಈ ಹನ್ನೊಂದು-ಹನ್ನೆರಡು ತಿಂಗಳು ನಿಮ್ಮ ಬಂಡವಾಳ. ಅಮ್ಮನ ಪಾಲಿಸಿ ಈಗಲೇ ಶುರು ಮಾಡಿ, ಇಎಸ್‌ಐ ನಿಲ್ಲೋ ತನಕ ಕಾಯಬೇಡಿ. ಮೊದಲೇ ಇರೋ ಕಾಯಿಲೆಗೆ ಕಾಯುವ ಅವಧಿ, ಅಂದ್ರೆ ಕ್ಲೈಮ್ ಸಿಗದ ಅವಧಿ, ಗರಿಷ್ಠ 36 ತಿಂಗಳು (2024ರ ಮುಂಚೆ 48 ಇತ್ತು). ಅದರಲ್ಲಿ ಒಂದು ವರ್ಷ ಇಎಸ್‌ಐ ನೆರಳಲ್ಲೇ ಕಳೆಯುತ್ತೆ. ಕ್ಯಾಟರ್ಯಾಕ್ಟ್, ಹರ್ನಿಯಾ, ಮಂಡಿ ಆಪರೇಷನ್‌ಗೆ ಸಾಮಾನ್ಯವಾಗಿ 24 ತಿಂಗಳು, ಅದೂ ಈಗಿಂದಲೇ ಎಣಿಕೆ. ಅಮ್ಮನಿಗೆ ಬೇರೆ ಪಾಲಿಸಿ, ನಿಮ್ಮ ಮೂವರಿಗೆ ಬೇರೆ ಫ್ಲೋಟರ್ (ಎಲ್ಲರಿಗೂ ಸೇರಿ ಒಂದೇ ಪಾಲಿಸಿ). ಒಂದರಲ್ಲೇ ಹಾಕಿದ್ರೆ ಹಿರಿಯರ ವಯಸ್ಸಿನ ಮೇಲೆ ಎಲ್ಲರ ಪ್ರೀಮಿಯಂ ಏರುತ್ತೆ. ಅಮ್ಮನ ಪಾಲಿಸಿಯಲ್ಲಿ ಕೋ-ಪೇ (ಬಿಲ್ಲಲ್ಲಿ ನಾವೇ ಕಟ್ಟೋ ಪಾಲು) ಎಷ್ಟು ಅಂತ ಸಹಿ ಹಾಕೋ ಮುಂಚೆ ಓದಿ.

ನೈಟ್ ಶಿಫ್ಟ್
ಸುಲಭದ ದಾರಿ ಇದೆ. ಸಂಬಳ 20,900 ಅಂತ ತೋರಿಸಿ, ಉಳಿದಿದ್ದು ಕೈಗೆ ಕೊಡೋಕೆ ಹೇಳಿ.

ಗಾರ್ಮೆಂಟ್ಸ್ ಎಚ್‌ಆರ್
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಕಳ್ಳ ಲೆಕ್ಕಕ್ಕೆ ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕಿಬೀಳೋದು ಕಂಪನಿ, ಪಿಎಫ್, ಗ್ರಾಚ್ಯುಟಿ ಎರಡರಲ್ಲೂ ನಷ್ಟ ಕೆಲಸಗಾರನಿಗೆ. ಓವರ್‌ಟೈಮ್‌ನಿಂದ 21,000 ದಾಟಿದ್ರೆ ಇಎಸ್‌ಐ ಹೋಗಲ್ಲ. ಕಾನೂನಿನಲ್ಲೇ ಇರೋ ದಾರಿ ಅದೊಂದು.

ಪ್ರೈವೇಟ್ ಪರ
ಎಚ್‌ಆರ್ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಪ್ರಪೋಸಲ್ ಫಾರಂನಲ್ಲಿ ಶುಗರ್, ಬಿಪಿ ಯಾವ ವರ್ಷದಿಂದ, ಯಾವ ಮಾತ್ರೆ ಎಷ್ಟು ಮಿಲಿಗ್ರಾಂ ಅಂತ ಬರೆಸಿ. "ಬರೆದ್ರೆ ರಿಜೆಕ್ಟ್ ಆಗುತ್ತೆ, ಬಿಡಿ" ಅನ್ನೋ ಏಜೆಂಟ್ ಹತ್ತಿರ ಪಾಲಿಸಿ ಮಾಡಿಸಬೇಡಿ. ಕ್ಲೈಮ್ ಬಂದಾಗ ಇನ್ವೆಸ್ಟಿಗೇಟರ್ ಕೇಳೋದೇ ಹಳೇ ಡಿಸ್ಪೆನ್ಸರಿ ಚೀಟಿ. ಮುಚ್ಚಿಟ್ಟಿದ್ದಕ್ಕೆ ತಕರಾರು ಎತ್ತೋ ಹಕ್ಕು ಕಂಪನಿಗೆ 60 ತಿಂಗಳು ಇರುತ್ತೆ, ವಂಚನೆ ಅಂತಾದ್ರೆ ಆಮೇಲೂ.

ಟರ್ನರ್, ಪೀಣ್ಯ
ರಿಜೆಕ್ಟ್ ಆದ್ರೆ? 61ರ ಡಯಾಬಿಟಿಸ್ ರೋಗಿಗೆ ಬಾಗಿಲು ಹಾಕೋ ಕಂಪನಿಗಳಿವೆ, ಲೋಡಿಂಗ್ ಅಂತ ಹೆಚ್ಚು ಪ್ರೀಮಿಯಂ ಹಾಕೋರೂ ಇದ್ದಾರೆ. ಅದನ್ನೂ ಹೇಳಿ ಸ್ವಾಮಿ.

ಪ್ರೈವೇಟ್ ಪರ
ಹೌದು, ಇವೆ. ಅದಕ್ಕೇ ಈಗಲೇ ಅರ್ಜಿ ಹಾಕಿ ಅನ್ನೋದು, ಒಂದು ಕಡೆ ಬೇಡ ಅಂದ್ರೆ ಇನ್ನೊಂದು ಕಡೆ ನೋಡೋಕೆ ಸಮಯ ಇರುತ್ತೆ. ಪ್ರೀಮಿಯಂಗೆ ತೆರಿಗೆ ವಿನಾಯ್ತಿ ಅಂತ ಏಜೆಂಟ್ ಆಸೆ ತೋರಿಸಿದ್ರೆ ಕಿವಿಗೆ ಹಾಕ್ಕೋಬೇಡಿ, 2,76,000 ವಾರ್ಷಿಕ ಸಂಬಳಕ್ಕೆ ಕಟ್ಟೋ ತೆರಿಗೆಯೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ, ಹಳೇ ಕೊಟೇಷನ್‌ನಲ್ಲಿ 18 ಪರ್ಸೆಂಟ್ ಸೇರಿಸಿದ್ರೆ ತೆಗೆಸಿ.

ನೈಟ್ ಶಿಫ್ಟ್
ಬಿಪಿಎಲ್ ಕಾರ್ಡ್ ಇದ್ರೆ ಇದೆಲ್ಲ ಯಾಕೆ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ಇದೆ.

ಟರ್ನರ್, ಪೀಣ್ಯ
ಅಲ್ಲೂ ರೆಫರಲ್ ಬೇಕು ಗುರು. ಎಪಿಎಲ್ ಆದ್ರೆ ಪ್ಯಾಕೇಜ್ ದರದ (ಸರ್ಕಾರ ಚಿಕಿತ್ಸೆಗೆ ಗೊತ್ತುಮಾಡಿದ ದರ) 30 ಪರ್ಸೆಂಟ್ ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಮೊದಲು ಅವರ ಕಾರ್ಡ್ ಯಾವುದು ಅಂತ ಕೇಳು.