83ರ ಡಿಶ್‌ನಲ್ಲಿ 93.5 ಸಿಗುತ್ತಿಲ್ಲ: ಸ್ಟ್ರೆಂತ್ ಇದೆ, ಕ್ವಾಲಿಟಿ ಸೊನ್ನೆ

ಬಳ್ಳಾರಿಯಿಂದ:
ಕೌಲ್ ಬಜಾರಿನ ನಮ್ಮ ಮಾಳಿಗೆಯ ಮೇಲೆ ಆರು ಅಡಿಯ ತಗಡಿನ ಡಿಶ್ ಇದೆ. ನಡುವಿನ ಸಿ ಬ್ಯಾಂಡ್ (ಕಡಿಮೆ ತರಂಗಾಂತರಂಗದ) ಎಲ್‌ಎನ್‌ಬಿಯಲ್ಲಿ, ಅಂದರೆ ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿಯಲ್ಲಿ, ಪೂರ್ವ ರೇಖಾಂಶ 83 ಡಿಗ್ರಿಯ ಉಪಗ್ರಹ ಜಿಸ್ಯಾಟ್-30 ಚೆನ್ನಾಗಿ ಬರುತ್ತಿದೆ. 93.5ರ ಜಿಸ್ಯಾಟ್-15ರಿಂದ ಡಿಡಿ ಫ್ರೀ ಡಿಶ್ ಕೂಡ ಸಿಗಲಿ ಎಂದು ಕಬ್ಬಿಣದ ಪಟ್ಟಿ ಬಿಗಿದು, ಪೂರ್ವದ ಕಡೆಗೆ ಕೆಯು ಬ್ಯಾಂಡ್ (ಹೆಚ್ಚು ಫ್ರೀಕ್ವೆನ್ಸಿಯ) ಎಲ್‌ಎನ್‌ಬಿ ಕೂರಿಸಿದ್ದೇನೆ. ದೆಹಲಿಯವರೊಬ್ಬರ ವಿಡಿಯೊ ನೋಡಿ ಮಾಡಿದ್ದು. ಎರಡು ಎಲ್‌ಎನ್‌ಬಿಗಳನ್ನು ಒಂದೇ ಕೇಬಲ್‌ಗೆ ಸೇರಿಸುವ ಡೈಸೆಕ್ ಸ್ವಿಚ್‌ನ ಎರಡನೆಯ ಪೋರ್ಟ್‌ಗೆ ಕೊಟ್ಟಿದ್ದೇನೆ. ಮೂರು ಸಂಜೆ ಹೋದವು, ಕ್ವಾಲಿಟಿ ಸೊನ್ನೆ. ಕೋಟೆ ಗುಡ್ಡ ಅಡ್ಡ ಬರುತ್ತಿದೆ ಎನ್ನುತ್ತಾರೆ ಪಕ್ಕದ ಮನೆಯವರು. ನಿಜವೇ?

ಗಂಗಾವತಿಯಿಂದ:
ಮೊದಲು ಸ್ವಿಚ್ ಬಿಚ್ಚಿ, ಕೇಬಲ್ ನೇರವಾಗಿ ರಿಸೀವರ್‌ಗೆ ಕೊಡಿ. ಮೆನುವಿನಲ್ಲಿ ಎಲ್‌ಎನ್‌ಬಿ ಫ್ರೀಕ್ವೆನ್ಸಿ 9750/10600 ಇರಲಿ. ಸಿ ಬ್ಯಾಂಡಿನ 5150 ಹಾಗೇ ಉಳಿದಿದ್ದರೆ ಏನು ತಿರುಗಿಸಿದರೂ ಬಾರದು.

ಬಳ್ಳಾರಿಯಿಂದ:
ಎರಡೂ ಮಾಡಿದೆ ಸರ್. ಸ್ಟ್ರೆಂತ್ 80, ಕ್ವಾಲಿಟಿ ಅದೇ ಸೊನ್ನೆ.

ಸಿಂಧನೂರಿನಿಂದ:
ತಮ್ಮಾ, ಗುಡ್ಡವನ್ನು ಬೈಯಬೇಡ. ಬಳ್ಳಾರಿಯಲ್ಲಿ ಜಿಸ್ಯಾಟ್-15 ಇರುವುದು 64 ಡಿಗ್ರಿ ಎತ್ತರದಲ್ಲಿ, ನಿನ್ನ ಮನೆ ಗುಡ್ಡದ ಬುಡಕ್ಕೇ ಅಂಟಿಕೊಂಡಿದ್ದರೆ ಮಾತ್ರ ಆ ಮಾತು. ಸ್ಟ್ರೆಂತ್ ಎಂದರೆ ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದೆ ಎಂದಷ್ಟೇ, ಉಪಗ್ರಹ ಸಿಕ್ಕಿತು ಎಂದಲ್ಲ.

ತಪ್ಪು ಎರಡಿವೆ. ಡಿಶ್ ಕನ್ನಡಿಯಿದ್ದ ಹಾಗೆ. ಪೂರ್ವದ ಉಪಗ್ರಹದ ಕಿರಣ ಪಶ್ಚಿಮಕ್ಕೆ ಬಂದು ಕೂಡುತ್ತದೆ. ಡಿಶ್‌ನ ಬೆನ್ನಿಗೆ ನಿಂತು ಆಕಾಶ ನೋಡಿದರೆ ಎಲ್‌ಎನ್‌ಬಿ ನಿನ್ನ ಬಲಗೈ ಕಡೆ ಇರಬೇಕು.

ಎರಡನೆಯದು ದೆಹಲಿಯ ವಿಡಿಯೊ. ಅಲ್ಲಿ ಪಟ್ಟಿ ಸುಮಾರು ಹತ್ತು ಡಿಗ್ರಿ ವಾಲಿದರೆ ಸಾಕು, ಕಣ್ಣಿಗೆ ಮಟ್ಟಸವಾಗಿಯೇ ಕಾಣುತ್ತದೆ. ನಾವು ಭೂಮಧ್ಯರೇಖೆಗೆ ಹತ್ತಿರ, ಇಲ್ಲಿ ಅದು 22 ಡಿಗ್ರಿ. ಬಲ ತುದಿ ಡಿಶ್‌ನ ಮೇಲಂಚಿನ ಕಡೆಗೆ ಏರಬೇಕು. ಎಲ್‌ಎನ್‌ಬಿಯನ್ನು ಪಟ್ಟಿಗೆ ಚೌಕವಾಗಿ ಕಟ್ಟು, ಸ್ಕ್ಯೂ, ಅಂದರೆ ಎಲ್‌ಎನ್‌ಬಿಯನ್ನು ಇದ್ದಲ್ಲೇ ತಿರುಗಿಸಬೇಕಾದ ಓರೆ, ತಾನಾಗಿ ಸುಮಾರಾಗಿ ಕೂಡುತ್ತದೆ. ಅಗಲ, ಆಳ ಎಷ್ಟು?

ಬಳ್ಳಾರಿಯಿಂದ:
ಅಗಲ 180 ಸೆಂ.ಮೀ. ಅಡ್ಡ ದಾರ ಕಟ್ಟಿ ಅಳೆದೆ, ಆಳ 30.

ಸಿಂಧನೂರಿನಿಂದ:
ಅಗಲದ ವರ್ಗವನ್ನು ಆಳದ ಹದಿನಾರು ಪಟ್ಟಿನಿಂದ ಭಾಗಿಸು. 67.5 ಸೆಂ.ಮೀ. ನಾಭಿದೂರ, ಅಂದರೆ ಡಿಶ್‌ನ ತಳದಿಂದ ಕಿರಣ ಕೂಡುವ ಜಾಗದವರೆಗಿನ ದೂರ. ಆ ಲೆಕ್ಕಕ್ಕೆ ನಡುವಿನಿಂದ ಬಲಕ್ಕೆ ಸುಮಾರು 15, ಮೇಲಕ್ಕೆ 6 ಸೆಂ.ಮೀ. ಅಲ್ಲಿಂದ ಕೂದಲೆಳೆಯಷ್ಟೇ ಸರಿಸುತ್ತಾ ಹುಡುಕು. ಆರು ಅಡಿಯ ಡಿಶ್‌ನಲ್ಲಿ ಕೆಯು ಕಿರಣದ ಅಗಲ ಒಂದೇ ಡಿಗ್ರಿ, ಒಂದು ಸೆಂಟಿಮೀಟರ್ ಸರಿದರೆ ಮುಗಿಯಿತು. ಪ್ರತಿ ಸಲ ಐದಾರು ಸೆಕೆಂಡ್ ಕಾಯಿ, ರಿಸೀವರ್ ನಿಧಾನ. ನಡುವಿನ ಎಲ್‌ಎನ್‌ಬಿಯನ್ನು ಮಾತ್ರ ಮುಟ್ಟಬೇಡ.

ಬಳ್ಳಾರಿಯಿಂದ:
ಸಿಕ್ಕಿತು ಅಣ್ಣಾ! ಬಲಕ್ಕೆ 14, ಮೇಲಕ್ಕೆ ಆರೂವರೆ. ತಮ್ಮ ಕೆಳಗಿನಿಂದ ಅಂಕಿ ಕೂಗುತ್ತಿದ್ದ: ಸೊನ್ನೆ, ಸೊನ್ನೆ, ಹನ್ನೊಂದು, ನಲವತ್ತು. ಬೋಲ್ಟ್ ಬಿಗಿಯುವಾಗ ಮತ್ತೆ ಸೊನ್ನೆಗೆ ಇಳಿಯಿತು, ಪಟ್ಟಿಯೇ ತಿರುಗಿಬಿಟ್ಟಿತ್ತು. ಇನ್ನೊಂದು ಬೋಲ್ಟ್ ಹಾಕಿದ ಮೇಲೆ 63ರಲ್ಲಿ ನಿಂತಿದೆ. ಸ್ವಿಚ್ ಮತ್ತೆ ಸೇರಿಸಿದರೂ ಎರಡೂ ಬರುತ್ತಿವೆ. ಇನ್ನು 68.5 ಡಿಗ್ರಿಯ ಉಪಗ್ರಹ ಕೂಡ ಇದೇ ಡಿಶ್‌ಗೆ ಬರುತ್ತದೆಯೇ?

ಸಿಂಧನೂರಿನಿಂದ:
ಬರುತ್ತದೆ. ಅದು ಪಶ್ಚಿಮದ್ದು. ಎಡಕ್ಕೆ, ಕೆಳಕ್ಕೆ. ಪಟ್ಟಿಯನ್ನು ಅದೇ ಓರೆಯಲ್ಲಿ ಆಚೆಗೆ ಬೆಳೆಸು.